ದೊಡ್ಡಳಿಯನ ಸಕ್ಕರೆ, ಚಿಕ್ಕಳಿಯನ ಸಕ್ಕರೆ

ಆ ಮನೆಗೆ ಇಬ್ಬರು ಹೆಣ್ಣುಮಕ್ಕಳು, ಹಾಗಾಗಿ ಇಬ್ಬರು ಅಳಿಯಂದಿರು. ದೊಡ್ಡಳಿಯ ರಬ್ಬರ್ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುತ್ತಿದ್ದ. ಪೈಪುಗಳ ಸಂದಿಗೆ, ಪಂಪುಗಳ ಬಾಯಿಗೆ ಕೂರುವ ವಾಷರುಗಳನ್ನು ಅಚ್ಚಿನಲ್ಲಿಟ್ಟು ಬೇಯಿಸಿ ತೆಗೆಯುವುದು ಅವನ ಕೆಲಸ. ಚಿಕ್ಕಳಿಯ ಲಿಫ್ಟ್ ಮೆಕ್ಯಾನಿಕ್. ಅವನನ್ನು ಕಂಡು ಕೈಯೆತ್ತದ ವಾಚ್‌ಮನ್ ಊರಿನಲ್ಲಿ ಒಬ್ಬನೂ ಇರಲಿಲ್ಲ.

ನಾದಿನಿಯ ಮದುವೆಯಾಗುವವರೆಗೆ ದೊಡ್ಡಳಿಯ ಆ ಮನೆಗೆ ಒಬ್ಬನೇ ಅಳಿಯ. ಕಿಟಕಿ ಪಕ್ಕದ ಬೆತ್ತದ ಕುರ್ಚಿ ಅವನದು, ಪೇಪರು ಮೊದಲು ಅವನ ಕೈಗೆ, ಟೀ ಮೊದಲು ಅವನ ಮುಂದೆ. ಆಮೇಲೆ ಚಿಕ್ಕಳಿಯ ಬಂದ. ಬಂದವನೇ ಆ ಕುರ್ಚಿಯಲ್ಲಿ ಕೂತ. ಬೇಕಂತ ಕೂತವನಲ್ಲ ಪಾಪ. ಖಾಲಿ ಇತ್ತು, ಕೂತ. ಯಾರೂ ಏನೂ ಅನ್ನಲಿಲ್ಲ. ಯಾರೂ ಏನೂ ಅನ್ನಲಿಲ್ಲವಲ್ಲ ಅನ್ನುವುದೇ ದೊಡ್ಡಳಿಯನಿಗೆ ಮುಳ್ಳಾಗಿ ಚುಚ್ಚಿತು.

ಅಲ್ಲಿಂದ ಶುರುವಾದ ಹೊಟ್ಟೆಕಿಚ್ಚಿಗೆ ದಿನವೂ ಒಂದಲ್ಲ ಒಂದು ಕಡ್ಡಿ ಸಿಗುತ್ತಿತ್ತು. ಅತ್ತೆಯ ಫ್ಯಾನು ಗುರುಗುಟ್ಟಿದರೆ ಚಿಕ್ಕಳಿಯನೇ ಸ್ಟೂಲು ಹತ್ತುತ್ತಿದ್ದ. ಜನ್ಮದಲ್ಲಿ ನಗದ ಮಾವ ಅವನ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡಳಿಯ ಅದೇ ಮಾತನ್ನು ಮುಂದಿನ ವಾರ ಹೇಳಿದರೆ, ಕನ್ನಡಕ ಸರಿಮಾಡಿಕೊಂಡು, "ಹೌದಾ?" ಅನ್ನುತ್ತಿದ್ದರು. ಚಿಕ್ಕಳಿಯನ ತಲೆಗೂದಲು ನರೆಯಲಿಲ್ಲ. ಅದೂ ಒಂದು ಅನ್ಯಾಯವೆಂದೇ ದೊಡ್ಡಳಿಯ ಎಣಿಸಿಕೊಂಡಿದ್ದ. ಬಾಯಿ ಬಿಟ್ಟು ಒಂದು ದಿನವೂ ಏನೂ ಹೇಳಿದವನಲ್ಲ. ಮನೆಗೆ ಬಂದ ಮೇಲೆ ಮಾತ್ರ ಚಪ್ಪಲಿಯನ್ನು ಸ್ವಲ್ಪ ಜೋರಾಗಿ ಬಿಡುತ್ತಿದ್ದ. ಹೆಂಡತಿಗೆ ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು.

ಹೀಗಿರುವಾಗ ಲಿಫ್ಟ್ ಕಂಪನಿಯವರು ಕೆಲಸಗಾರರಿಗೆಲ್ಲ ರಕ್ತ ಪರೀಕ್ಷೆ ಮಾಡಿಸಿದರು. ಚಿಕ್ಕಳಿಯನಿಗೆ ಸಕ್ಕರೆ ಕಾಯಿಲೆ ಅಂತ ಬಂತು. ನಲವತ್ತೂ ತುಂಬಿರಲಿಲ್ಲ ಅವನಿಗೆ. ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಅವನೇ ನಗುತ್ತ ಸುದ್ದಿ ಹೇಳಿದ. ಇಷ್ಟು ದಿನ ಮಾತು ಮಾತ್ರ ಸಿಹಿಯಾಗಿತ್ತು, ಈಗ ರಕ್ತವೂ ಸಿಹಿಯಾಯಿತು ಅಂದ. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಒಳಗೆ ಹೋಗಿ ಅವನಿಗೆ ಬೇರೆ ಪಾತ್ರೆಯಲ್ಲಿ ಸಕ್ಕರೆಯಿಲ್ಲದ ಟೀ ಕಾಸಿ ತಂದರು.

ಬೇರೆ ಪಾತ್ರೆ ಕಂಡು ದೊಡ್ಡಳಿಯನಿಗೆ ಉರಿಯಿತು. ಆದರೆ ಅದರ ಹಿಂದೆಯೇ ಒಂದು ತಂಪು ಗಾಳಿ ಬೀಸಿದ ಹಾಗೂ ಆಯಿತು. ಅವನು ತನ್ನ ಲೋಟ ಮುಂದೆ ಮಾಡಿ, "ಅತ್ತೆ, ನನಗೆ ಇನ್ನೊಂದು ಚಮಚ ಸಕ್ಕರೆ ಹಾಕಿ," ಅಂದ. ಹಾಕುತ್ತ ಅತ್ತೆ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ದೊಡ್ಡಳಿಯಂದಿರು ನೋಡಿ, ಕಬ್ಬಿಣದ ಹಾಗಿದ್ದಾರೆ," ಅಂದರು.

ಆ ಮನೆಯಲ್ಲಿ ಅವನಿಗೆ ಚಿಕ್ಕಳಿಯನಿಗಿಂತ ಒಂದು ಕೈ ಮೇಲು ಅಂತ ಸಿಕ್ಕ ಮೊದಲ ಹೊಗಳಿಕೆ ಅದು. ಕಬ್ಬಿಣ. ಅವತ್ತು ಅವನು ಚಪ್ಪಲಿಯನ್ನು ಮೆತ್ತಗೆ ಬಿಟ್ಟ.

ಆ ಮಾತನ್ನು ಕಾಪಾಡಿಕೊಳ್ಳುವುದೇ ಮುಂದಿನ ವರ್ಷಗಳಲ್ಲಿ ಅವನಿಗೊಂದು ಕೆಲಸವಾಯಿತು. ನೆಂಟರಿಷ್ಟರ ಮುಂದೆ ಕೇಕಿನ ಎರಡನೆಯ ತುಂಡಿಗೆ ಕೈ ಚಾಚುತ್ತಿದ್ದ, ಅದೂ ಚಿಕ್ಕಳಿಯನ ಎದುರಿಗೇ. ಎರಡು ಮೂರು ವರ್ಷ ಹೀಗೇ ಕಳೆಯಿತು. ಆಮೇಲೆ ಬಾಯಾರಿಕೆ ಶುರುವಾಯಿತು. ಪ್ರೆಸ್ಸಿನ ಪಕ್ಕ ಇಟ್ಟುಕೊಂಡ ನೀರಿನ ಬಾಟಲಿ ಊಟದ ಹೊತ್ತಿಗೆ ಮೊದಲೇ ಬರಿದಾಗುತ್ತಿತ್ತು. ಮೂತ್ರಕ್ಕೆ ಹೋಗಿಬರುವುದು ಹೆಚ್ಚಿತು. ಪ್ಯಾಂಟು ಸಡಿಲವಾಯಿತು, ಬೆಲ್ಟಿಗೆ ಹೊಸ ತೂತು ಕೊರೆಸಿ, ಮೈ ಇಳಿಸಿದ್ದೇನೆ ಅಂತ ಹೇಳಿಕೊಂಡು ತಿರುಗಿದ. ಹೆಂಡತಿ ಒಂದೇ ಸಮನೆ ಗೋಗರೆದಳು, ರಕ್ತ ಪರೀಕ್ಷೆ ಮಾಡಿಸಿ ಅಂತ. ಅವನು ಸೊಪ್ಪು ಹಾಕಲಿಲ್ಲ. ಕಾರ್ಖಾನೆಯಲ್ಲಿ ತಪಾಸಣೆಯವರು ಬಂದಾಗಲೆಲ್ಲ ಅಚ್ಚು ಬಿಸಿಯಿದೆ, ಬಿಟ್ಟು ಬರುವ ಹಾಗಿಲ್ಲ ಅಂದುಬಿಡುತ್ತಿದ್ದ. ಹೊರಗೆ ಯಾರಾದರೂ ಕೇಳಿದರೆ, ವರ್ಷ ವರ್ಷವೂ ಕಾರ್ಖಾನೆಯಲ್ಲಿ ನೋಡುತ್ತಾರೆ, ಏನೂ ಇಲ್ಲ ಅನ್ನುತ್ತಿದ್ದ. ಹಾಗಂತ ಅವನೇನು ದಡ್ಡನಲ್ಲ. ಒಳಗೊಳಗೇ ಗೊತ್ತಿತ್ತು. ಕಾಯಿಲೆಗಿಂತ ಅವನಿಗೆ ಹೆಚ್ಚು ಭಯವಿದ್ದದ್ದು ಅತ್ತೆಯ ಮನೆಯಲ್ಲಿ ಎರಡನೆಯ ಸಕ್ಕರೆಯಿಲ್ಲದ ಟೀ ಬರುವ ದಿನದ ಬಗ್ಗೆ.

ಹೀಗೆ ಐದಾರು ವರ್ಷ ತಳ್ಳಿದ ಮೇಲೆ, ಕೊನೆಗೆ ಅಚ್ಚು ತಗುಲಿ ಅಂಗೈ ಸುಟ್ಟುಕೊಂಡದ್ದು ತಿಂಗಳಾದರೂ ಮಾಯಲಿಲ್ಲ. ಕಾರ್ಖಾನೆಯ ನರ್ಸಮ್ಮ ಕೇಳದೆಯೇ ಬೆರಳು ಚುಚ್ಚಿ ನೋಡಿದಳು. ಸಕ್ಕರೆ ಎಷ್ಟಿತ್ತೆಂದರೆ ಮಿಷನ್ನೇ ತಪ್ಪು ತೋರಿಸುತ್ತಿದೆ ಅಂದುಕೊಂಡು ಅವಳು ಇನ್ನೊಂದು ಬೆರಳು ಚುಚ್ಚಿದಳು.

ಕಬ್ಬಿಣ ಹೋಯಿತು. ಆದರೆ ಸೋತೆ ಅಂತ ಕೂರುವ ಜಾತಿಯವನಲ್ಲ ಅವನು. ಕಾಯಿಲೆಯಲ್ಲೇ ಗೆಲ್ಲುತ್ತೇನೆ ಅಂತ ಹಠ ತೊಟ್ಟ. ಹೊತ್ತು ಹೊತ್ತಿಗೆ ಮಾತ್ರೆ, ಅಳೆದು ಊಟ, ಬೆಳಿಗ್ಗೆ ಸಂಜೆ ನಡಿಗೆ. ಸಿಹಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ಅಂತ ಒಂದಿದೆಯಲ್ಲ, ಅದರಲ್ಲಿ ಅವನ ಅಂಕಿ ಪ್ರತಿ ಸಲವೂ ಚಿಕ್ಕಳಿಯನದಕ್ಕಿಂತ ಕಡಿಮೆ. ಚಿಕ್ಕಳಿಯ ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದ. ಉಳಿದಂತೆ ಸಿಕ್ಕಿದ್ದು ತಿಂದು, ಸಿಕ್ಕಲ್ಲಿ ನಿದ್ದೆ ಮಾಡಿ ಹಾಯಾಗಿದ್ದ. ಅವನ ಅಂಕಿ ಕೇಳಿ ತಿಳಿದುಕೊಂಡ ದಿನ ದೊಡ್ಡಳಿಯನಿಗೆ ಊಟ ರುಚಿಸುತ್ತಿತ್ತು.

ಇದೂ ಒಂದು ಮೂರು ವರ್ಷ ನಡೆಯಿತು. ಒಂದು ದಿನ ಗಂಡ ಹೆಂಡತಿ ನಾದಿನಿಯ ಮನೆಗೆ ಹೊರಟರು. ಊರಿಗೆಲ್ಲ ಲಿಫ್ಟ್ ರಿಪೇರಿ ಮಾಡುವವನ ಮನೆ ಮೂರನೆಯ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಎರಡನೆಯ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ದೊಡ್ಡಳಿಯ ಉಸಿರು ಸಾಲದೆ ಕಂಬಿ ಹಿಡಿದು ನಿಂತ. ಹಿಂದಿನಿಂದ ಚಿಕ್ಕಳಿಯ ಎರಡು ಕೈಯಲ್ಲೂ ದಿನಸಿ ಚೀಲ ಹಿಡಿದು ಒಂದು ಬಿಟ್ಟು ಒಂದು ಮೆಟ್ಟಿಲು ಹಾರುತ್ತ ಬಂದವನು, "ಏನಣ್ಣ, ಗೋಡೆ ಬಣ್ಣ ನೋಡ್ತಿದ್ದೀರಾ?" ಅಂದ. ತಮಾಷೆಗೆ ಅಂದದ್ದು. ಅವನ ಮುಖ ನೋಡಿ ತಕ್ಷಣ ಚೀಲ ಕೆಳಗಿಟ್ಟು ತೋಳು ಹಿಡಿದುಕೊಂಡ. ದೊಡ್ಡಳಿಯನಿಗೆ ಉಸಿರಿಲ್ಲದಿದ್ದರೂ ತೋಳು ಕೊಡವಿಕೊಳ್ಳಲು ಶಕ್ತಿಯಿತ್ತು.

ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಹೃದಯದ ಮೇಲೆ ಸಂಶೋಧನೆ ಮಾಡುತ್ತಿದ್ದ ಒಬ್ಬ ಡಾಕ್ಟರಮ್ಮ ಇದ್ದರು. ಬಡಕಲು ಮೈ, ದಪ್ಪ ಕನ್ನಡಕ, ಯಾರನ್ನೂ ಅವಸರ ಮಾಡದ ಮಾತು. ಅವರು ಆಂಜಿಯೋಗ್ರಾಂ ಮಾಡಿಸಿದರು. ರಕ್ತನಾಳದಲ್ಲಿ ಎಲ್ಲೂ ಅಡ್ಡಿ ಇರಲಿಲ್ಲ. ದೊಡ್ಡಳಿಯ ಗೆದ್ದೆ ಅಂದುಕೊಂಡ. ಹೃದಯದ ಎಕೋ ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರಮ್ಮ ಅವನನ್ನು ಪರದೆಯ ಮುಂದೆ ಕೂರಿಸಿ ಹೇಳಿದರು, ನಿಮ್ಮ ಪೈಪು ಸರಿಯಿದೆ, ಪಂಪೇ ಬಿಗಿದುಕೊಂಡಿದೆ. ಹಿಂಡುವುದೇನೋ ಹಿಂಡುತ್ತದೆ, ಹಿಂಡಿದ ಮೇಲೆ ಸಡಿಲ ಬಿಡಬೇಕಲ್ಲ, ಅದು ಬಿಡುತ್ತಿಲ್ಲ. ಸಡಿಲವಾಗದಿದ್ದರೆ ರಕ್ತ ಒಳಗೆ ತುಂಬುವುದು ಹೇಗೆ?

ಯಾಕೆ ಹೀಗೆ ಅಂತ ಅವನು ಕೇಳಿದ್ದಕ್ಕೆ ಅವರು ಬಿಡಿಸಿ ಹೇಳಿದರು. ಹೃದಯ ಸಕ್ಕರೆಯನ್ನೂ ಉರಿಸುತ್ತದೆ, ಕೊಬ್ಬನ್ನೂ ಉರಿಸುತ್ತದೆ. ಇನ್ಸುಲಿನ್ ಮಾತು ನಡೆಯದಿದ್ದಾಗ ಸಕ್ಕರೆ ಹೊರಗೆ ತುಂಬಿ ತುಳುಕುತ್ತಿದ್ದರೂ ಹೃದಯದ ಜೀವಕೋಶದ ಒಳಗೆ ಹೋಗುವುದು ಕಡಿಮೆ. ಆಗ ಅದು ಬರೀ ಕೊಬ್ಬಿನ ಮೇಲೆ ಬದುಕಬೇಕು. ಕೊಬ್ಬಿಗೆ ಆಮ್ಲಜನಕ ಹೆಚ್ಚು ಬೇಕು, ಉರಿದು ಮುಗಿಯದ್ದು ಅಲ್ಲೇ ಶೇಖರವಾಗುತ್ತದೆ, ಕೋಶದೊಳಗಿನ ಪುಟ್ಟ ಒಲೆಗಳು ಕೆಟ್ಟ ಹೊಗೆ ಬಿಡುತ್ತವೆ. ಆ ಹೊಗೆ ಕೋಶದೊಳಗೆ ಕ್ಯಾಲ್ಸಿಯಂ ಎತ್ತಿಡುವ ಪುಟ್ಟ ಪಂಪನ್ನು ಕೆಡಿಸುತ್ತದೆ. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಹೊರಬಂದರೆ ಸ್ನಾಯು ಬಿಗಿಯುತ್ತದೆ, ಮತ್ತೆ ತನ್ನ ಗೂಡಿಗೆ ಹೋದರೆ ಸಡಿಲವಾಗುತ್ತದೆ; ಈಗ ವಾಪಸು ಹೋಗುವುದು ತಡ. ಇದರ ಮೇಲೆ, ರಕ್ತದಲ್ಲಿ ಉಳಿದ ಸಕ್ಕರೆ ಸ್ನಾಯುವಿನ ಸುತ್ತಲಿನ ನಾರುಗಳಿಗೆ ಅಂಟಿ, ನಾರಿಗೂ ನಾರಿಗೂ ಗಂಟು ಹಾಕಿಬಿಡುತ್ತದೆ.

"ರಬ್ಬರ್ ಜಾಸ್ತಿ ಬೆಂದರೆ ಬಿರುಸಾಗ್ತದೆ, ಹಾಗಾ?" ಅಂದ ದೊಡ್ಡಳಿಯ.

ಹೆಚ್ಚುಕಡಿಮೆ ಹಾಗೇ ಅಂದರು ಡಾಕ್ಟರಮ್ಮ. ಆಮೇಲೆ ಕಾಯಿಲೆ ಗೊತ್ತಾಗಿ ಎಷ್ಟು ದಿನವಾಯಿತು, ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿದ್ದಿರಾ ಅಂತ ಕೇಳಿದರು. ಹೆಂಡತಿ ಆಗ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ದೊಡ್ಡಳಿಯ, ಮೂರು ವರ್ಷವಾಯಿತು, ಅದಕ್ಕೆ ಮೊದಲು ವರ್ಷ ವರ್ಷವೂ ಕಾರ್ಖಾನೆಯಲ್ಲಿ ತೋರಿಸುತ್ತಿದ್ದೆ, ಏನೂ ಇರಲಿಲ್ಲ ಅಂದುಬಿಟ್ಟ. ಯಾಕೆ ಹಾಗಂದ ಅಂತ ಅವನಿಗೇ ತಿಳಿಯಲಿಲ್ಲ. ಇಷ್ಟು ವರ್ಷ ಹೇಳಿಕೊಂಡು ಬಂದದ್ದು ನಾಲಿಗೆಯ ಮೇಲೆ ತಾನಾಗಿ ಬಂತು.

ಡಾಕ್ಟರಮ್ಮನ ಹುಬ್ಬು ಮೇಲೇರಿತು. ಬೇಗ ಗೊತ್ತಾಗಿದೆ, ಸಕ್ಕರೆ ಇಷ್ಟು ಹಿಡಿತದಲ್ಲಿದೆ, ಬಿ.ಪಿ. ಇಲ್ಲ, ಆದರೂ ಹೃದಯ ಹೀಗೆ. ಅಪರೂಪದ ಕೇಸು ನಿಮ್ಮದು ಅಂದರು. ಅಪರೂಪ ಅನ್ನುವ ಮಾತು ದೊಡ್ಡಳಿಯನ ಕಿವಿಯಲ್ಲಿ ಸಿಹಿಯಾಗಿ ಇಳಿಯಿತು.

ಅವನಿಗೆ ಇನ್ನೊಂದು ಆಸೆ ಹುಟ್ಟಿತು. ಇಷ್ಟು ಕಟ್ಟುನಿಟ್ಟಾಗಿದ್ದ ತನ್ನದೇ ಹೀಗಿದ್ದರೆ ಬೇಕಾಬಿಟ್ಟಿ ತಿನ್ನುವವನದು ಹೇಗಿರಬೇಡ? ಮರುದಿನವೇ ಚಿಕ್ಕಳಿಯನಿಗೆ ಫೋನು ಮಾಡಿ, ನೀನೂ ಒಮ್ಮೆ ತೋರಿಸಿಕೋ, ನಾನೇ ಕರೆದುಕೊಂಡು ಹೋಗುತ್ತೇನೆ ಅಂದ. ಅತ್ತೆಯ ಮನೆಯಲ್ಲಿ ಎಲ್ಲರೂ ಅವನ ಕಾಳಜಿ ಕೊಂಡಾಡಿದರು. ನಾದಿನಿಯಂತೂ, ಭಾವ ಇದ್ದರೆ ಹೀಗಿರಬೇಕು ಅಂದಳು. ಅವನು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ.

ಎಕೋ ಆಯಿತು. ಡಾಕ್ಟರಮ್ಮ ಎರಡು ಹೃದಯಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಓಡಿಸಿದರು. ಎಡಗಡೆಯದು ದೊಡ್ಡಳಿಯನದು, ಕುಗ್ಗಿ ಹಾಗೇ ಮುದುಡಿಕೊಂಡು, ಒಲ್ಲದ ಮನಸ್ಸಿನಿಂದ ಬಾಯಿ ತೆರೆಯುತ್ತಿತ್ತು. ಬಲಗಡೆಯದು ಕುಗ್ಗಿದಷ್ಟೇ ಸಲೀಸಾಗಿ ಅರಳುತ್ತಿತ್ತು. ನಿಮ್ಮ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಹೃದಯ ಕೇಳಬಾರದು ಅಂದರು ಡಾಕ್ಟರಮ್ಮ. ಚಿಕ್ಕಳಿಯ ಸಂಕೋಚದಿಂದ ಷಡ್ಡಕನ ಕಡೆ ನೋಡಿದ. ದೊಡ್ಡಳಿಯ ಪರದೆಯಿಂದ ಕಣ್ಣು ಕೀಳಲಿಲ್ಲ. ಜನ್ಮದಲ್ಲಿ ಯಾವ ವಸ್ತುವನ್ನೂ ಅವನು ಅಷ್ಟು ಆಸೆಯಿಂದ ನೋಡಿರಲಿಲ್ಲ. ಕುರ್ಚಿ, ಮಾವನ ನಗು ಸಾಲದೆಂದು ಇವನು ಈಗ ನನ್ನ ಎದೆಯೊಳಗಿನದನ್ನೂ ಎತ್ತಿಕೊಂಡು ಹೋದ ಅನ್ನಿಸಿ, ವಾಪಸು ಬರುವ ಬಸ್ಸಿನಲ್ಲಿ ಬೇಕಂತಲೇ ಹಿಂದಿನ ಸೀಟಿನಲ್ಲಿ ಕೂತ.

ಕೆಲವು ದಿನಗಳಾದ ಮೇಲೆ ಡಾಕ್ಟರಮ್ಮ ಅವನನ್ನು ಪಾಠದ ಕೋಣೆಗೆ ಕರೆದರು. ಬಿಳಿ ಕೋಟಿನ ಹುಡುಗ ಹುಡುಗಿಯರ ಮುಂದೆ ಕುರ್ಚಿ ಹಾಕಿ ಕೂರಿಸಿ, ಬೇಗ ಪತ್ತೆಯಾಗಿ ಚೆನ್ನಾಗಿ ನೋಡಿಕೊಂಡರೂ ಹೃದಯ ಬಿರುಸಾದ ಅಪರೂಪದ ರೋಗಿ ಅಂತ ಪರಿಚಯ ಮಾಡಿಸಿದರು. ಎಲ್ಲರೂ ಅವನನ್ನೇ ನೋಡಿದರು. ಕಬ್ಬಿಣ ಅಂತ ಹೊಗಳಿಸಿಕೊಂಡ ಮೇಲೆ ಅವನು ಅಷ್ಟು ನೆಟ್ಟಗೆ ಕೂತದ್ದು ಅವತ್ತೇ. ಭಾನುವಾರ ಅತ್ತೆಯ ಮನೆಯಲ್ಲಿ, ಹೆಂಡತಿ ಅಡುಗೆಮನೆಗೆ ಹೋದಾಗ, ಅದನ್ನು ಹೇಳಿದ, ಎರಡು ಸಲ ಹೇಳಿದ. ಮಾವ ಕೂಡ ಕನ್ನಡಕ ತೆಗೆದು ಕೇಳಿದರು.

ಚಿಕ್ಕಳಿಯ ಮಾತ್ರ ಯೋಚನೆಯಲ್ಲಿ ಬಿದ್ದ. ಅಣ್ಣ ಶುರುವಿನಿಂದಲೂ ಪರೀಕ್ಷೆ ಮಾಡಿಸಿ, ಇಷ್ಟೆಲ್ಲ ಬಾಯಿ ಕಟ್ಟಿ, ಗಡಿಯಾರ ನೋಡಿ ಮಾತ್ರೆ ನುಂಗಿದರೂ ಹೀಗಾಯಿತು. ನಾನು ಸಿಕ್ಕಿದ್ದೆಲ್ಲ ತಿಂದೂ ಚೆನ್ನಾಗಿದ್ದೇನೆ. ಅಂದಮೇಲೆ ಈ ಮಾತ್ರೆಯಿಂದ ಏನೂ ಇಲ್ಲ, ಎಲ್ಲ ಹಣೆಬರಹ ಅಂದ. ಆ ವಾರವೇ ಮಾತ್ರೆ ಬಿಟ್ಟ.

ಸುದ್ದಿ ತಂದವಳು ಹೆಂಡತಿ. ತಂಗಿ ಫೋನಿನಲ್ಲಿ ಅತ್ತಳು, ನೀವಾದರೂ ಹೇಳಿ, ಅವನು ನಿಮ್ಮ ಮಾತು ಕೇಳುತ್ತಾನೆ ಅಂದಳು. ದೊಡ್ಡಳಿಯ ಹೇಳುತ್ತೇನೆ ಅಂದ. ಹೇಳಲಿಲ್ಲ. ಮಾತ್ರೆ ಬಿಟ್ಟರೆ ಏನಾಗುತ್ತದೆಂದು ಈಗ ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಕ್ಕರೆ ನಾರಿಗೆ ಅಂಟುತ್ತದೆ, ಗಂಟು ಬೀಳುತ್ತದೆ, ಹೊಗೆ ತುಂಬುತ್ತದೆ. ತಾನು ಕೈಯೆತ್ತಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಬಲಗಡೆಯ ಹೃದಯವೂ ಎಡಗಡೆಯದರ ಹಾಗಾಗುತ್ತದೆ. ಈ ಯೋಚನೆ ಬಂದಾಗ ಅವನಿಗೆ ನಾಚಿಕೆಯಾಯಿತು ಅಂತ ಹೇಳಿದರೆ ಸುಳ್ಳಾದೀತು. ಪ್ರೆಸ್ಸಿನ ಮುಂದೆ ನಿಂತು ಅವನು ಅದನ್ನು ಮತ್ತೆ ಮತ್ತೆ ನೆನೆಸಿಕೊಂಡ. ಎರಡು ತಿಂಗಳು ಹಾಗೇ ಹೋಯಿತು.

ಒಂದು ಸಂಜೆ ಚಿಕ್ಕಳಿಯ ಅವರ ಮನೆಗೆ ಬಂದ. ಅಡುಗೆಮನೆಯ ಸ್ವಿಚ್ಚು ಕಿಡಿ ಹಾರಿಸುತ್ತಿದೆ ಅಂತ ಅತ್ತಿಗೆ ಹೇಳಿದ್ದಳಂತೆ. ಸ್ವಿಚ್ಚು ಬದಲಿಸಿ ನೀರು ಕೇಳಿದ. ಅವಳು ಲೋಟ ಹುಡುಕುವಷ್ಟರಲ್ಲಿ ಕಟ್ಟೆಯ ಮೇಲಿದ್ದ ಜಗ್ಗನ್ನೇ ಎತ್ತಿ ಬಾಯಿಗೆ ಹಚ್ಚಿದ. ನೀರು ಗದ್ದದಿಂದ ಇಳಿದು ಅಂಗಿ ನೆನೆಯಿತು. ಜಗ್ಗು ಬರಿದಾಯಿತು, ಮತ್ತೆ ತುಂಬಿಸಿಕೊಂಡ. ಬೆಲ್ಟಿನ ತುದಿ ಮೊದಲಿಗಿಂತ ಉದ್ದವಾಗಿ ನೇತಾಡುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ದೊಡ್ಡಳಿಯನಿಗೆ ತನ್ನ ಗಂಟಲೇ ಒಣಗಿದ ಹಾಗಾಯಿತು. ಆ ಬಾಯಾರಿಕೆ ಅವನದೇ. ಅದರ ರುಚಿ ಅವನಿಗೆ ಗೊತ್ತಿತ್ತು, ಎಷ್ಟು ಕುಡಿದರೂ ನಾಲಿಗೆ ಅಂಗುಳಕ್ಕೆ ಅಂಟುವುದು ಗೊತ್ತಿತ್ತು. ತಾನು ಬೇಡಿದ್ದು ಕಣ್ಣೆದುರೇ ನಡೆಯುತ್ತಿದೆ, ಆದರೆ ನೋಡಲು ಆಗುತ್ತಿಲ್ಲ. ಚಿಕ್ಕಳಿಯ ಜಗ್ಗು ಕೆಳಗಿಟ್ಟು, ಬಿಸಿಲು ಕಣಣ್ಣ ಅಂತ ನಕ್ಕ. ಹೊರಗೆ ಮೋಡ ಕವಿದಿತ್ತು.

ಆ ಭಾನುವಾರ ದೊಡ್ಡಳಿಯ ಯಾರಿಗೂ ಹೇಳದೆ ಒಬ್ಬನೇ ಹೊರಟ. ಪ್ರತಿ ತಿರುವಿನಲ್ಲೂ ನಿಂತು ಮೂರು ಮಹಡಿ ಹತ್ತಿದ. ಚಿಕ್ಕಳಿಯ ಬನಿಯನ್ನಿನಲ್ಲಿ ಬಾಗಿಲು ತೆಗೆದು, ಗಾಬರಿಯಾಗಿ ಕುರ್ಚಿ ಎಳೆದ. ಉಸಿರು ಒಂದು ಹದಕ್ಕೆ ಬರಲು ಸುಮಾರು ಹೊತ್ತು ಬೇಕಾಯಿತು.

"ಮಾತ್ರೆ ಯಾಕೆ ಬಿಟ್ಟೆ?" ಅಂದ ದೊಡ್ಡಳಿಯ.

"ನಿಮ್ಮನ್ನ ನೋಡಿಯೇ ಅಣ್ಣ. ಅಷ್ಟು ಮಾಡಿ ನಿಮಗೇನು ಸಿಕ್ತು?"

"ನಾನು ಹೇಳಿದ್ದು ಸುಳ್ಳು. ಮೂರು ವರ್ಷದ ಕಾಯಿಲೆಯಲ್ಲ ಅದು. ಅದಕ್ಕೆ ಮೊದಲು ಐದಾರು ವರ್ಷ ಮೈಯಲ್ಲಿ ಇಟ್ಕೊಂಡು ತಿರುಗಿದೀನಿ. ಪರೀಕ್ಷೆಗೆ ಒಂದು ಸಲನೂ ಹೋಗ್ಲಿಲ್ಲ."

"ಗೊತ್ತಿದ್ದೂ?"

"ಗೊತ್ತಿದ್ದೂ."

ಯಾಕೆ ಅಂತ ಚಿಕ್ಕಳಿಯ ಕೇಳಿದ. ದೊಡ್ಡಳಿಯ ನೆಲ ನೋಡುತ್ತ, "ನಿನಗೆ ಇತ್ತು, ನನಗೆ ಇರಲಿಲ್ಲ. ಅದೊಂದೇ ಇದ್ದದ್ದು ನನ್ನ ಹತ್ತಿರ," ಅಂದ.

ಚಿಕ್ಕಳಿಯ ಎದ್ದು ಹೋಗುತ್ತಾನೇನೋ ಅಂದುಕೊಂಡ ದೊಡ್ಡಳಿಯ. ಅವನು ತಲೆ ಕೆರೆದುಕೊಂಡು, "ಅಣ್ಣ, ಆ ವರ್ಷಗಳಲ್ಲಿ ನೀವು ನನ್ನೆದುರಿಗೆ ಕೇಕ್ ತಿಂತಿದ್ರಲ್ಲ," ಅಂದ. "ನನಗೆ ಎಷ್ಟು ಹೊಟ್ಟೆ ಉರೀತಿತ್ತು ಅಂದ್ರೆ, ಮನೆಗೆ ಬಂದು ಇವಳ ಮೇಲೆ ಸಿಡುಕ್ತಿದ್ದೆ. ನಗ್ತಿದ್ದೆ, ಅಷ್ಟೇ. ನಿಮ್ಮ ಹಾಗೆ ಒಂದು ದಿನ ಇರೋಕೆ ಏನು ಬೇಕಾದ್ರೂ ಕೊಡ್ತಿದ್ದೆ."

ಇದನ್ನು ಕೇಳಿ ದೊಡ್ಡಳಿಯ ಮರುಗಬೇಕಿತ್ತು. ಆದದ್ದೇ ಬೇರೆ. ಎದೆಯಲ್ಲಿ ವರ್ಷಗಟ್ಟಲೆ ಬಿಗಿದಿದ್ದ ಏನೋ ಒಂದು ಸಡಿಲವಾಗಿ, ಮೈಯೆಲ್ಲ ಹಗುರಾಯಿತು. ಇವನಿಗೆ, ಈ ನಗುಮುಖದವನಿಗೆ, ತನ್ನನ್ನು ಕಂಡು ಹೊಟ್ಟೆ ಉರಿದಿತ್ತು. "ನಿಜವಾಗ್ಲೂ?" ಅಂತ ಕೇಳಿದ. ನಿಜವಾಗಿ ಅಂದ ಚಿಕ್ಕಳಿಯ. ಯಾವ ಯಾವ ಸಲ ಅಂತಲೂ ಕೇಳಿದ. ಚಿಕ್ಕಳಿಯ ನೆನಪು ಮಾಡಿಕೊಂಡು ಹೇಳಿದ. ನಾದಿನಿ ಟೀ ತಂದಾಗ ಇಬ್ಬರೂ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಏಳುವ ಮೊದಲು ದೊಡ್ಡಳಿಯ ಮಾತ್ರೆಯ ಡಬ್ಬಿ ತರಿಸಿ, ಚಿಕ್ಕಳಿಯ ನುಂಗುವವರೆಗೂ ಕಣ್ಣು ಕೀಳದೆ ನೋಡಿದ.

ಮರುದಿನ ಡಾಕ್ಟರಮ್ಮನ ಬಳಿಗೂ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು, ನಿಮ್ಮಿಂದ ನಾನು ಮಕ್ಕಳಿಗೆ ತಪ್ಪು ಪಾಠ ಹೇಳಿದೆ ಅಂದರು. ಅದು ಬೈಗುಳಕ್ಕಿಂತ ಹೆಚ್ಚು ತಟ್ಟಿತು. ಆಮೇಲೆ ವಿವರಿಸಿದರು. ಸಕ್ಕರೆ ಏರಿದ್ದ ಕಾಲವನ್ನು ದೇಹ ಮರೆಯುವುದಿಲ್ಲ. ಗಂಟು ಬಿದ್ದ ನಾರು ಹಳೆಯದಾಗಿ ಹೋಗಿ ಹೊಸದು ಬರಲು ವರ್ಷಗಳೇ ಬೇಕು. ಅಷ್ಟೇ ಅಲ್ಲ, ಆ ಕಾಲದಲ್ಲಿ ಜೀನುಗಳ ಮೇಲೆ ರಾಸಾಯನಿಕ ಗುರುತುಗಳು ಬೀಳುತ್ತವೆ. ಸಕ್ಕರೆ ಇಳಿದರೂ ಆ ಗುರುತು ಅಳಿಸುವುದಿಲ್ಲ. ನಾರು ಕಟ್ಟು, ಇನ್ನೂ ಕಟ್ಟು ಅಂತ ಹೇಳುತ್ತಲೇ ಇರುತ್ತವೆ. ನಿಮ್ಮ ಷಡ್ಡಕರದು ಶುರುವಿನಲ್ಲೇ ಸಿಕ್ಕಿತು, ಅದಕ್ಕೇ ಅವರು ಬಚಾವಾಗಿರಬಹುದು. ಅದೊಂದೇ ಕಾರಣ ಅಂತ ನಾನು ಹೇಳಲಾರೆ, ಒಬ್ಬೊಬ್ಬರ ಮೈ ಒಂದೊಂದು ಥರ ಅಂದರು.

ಮೂತ್ರದಲ್ಲೇ ಸಕ್ಕರೆ ಹೊರಹಾಕುವ ಒಂದು ಮಾತ್ರೆ ಬರೆದುಕೊಟ್ಟರು, ಹೃದಯಕ್ಕೂ ಒಳ್ಳೆಯದು ಅಂತ. ಬಿರುಸಾದದ್ದು ಪೂರ್ತಿ ಮೆತ್ತಗಾಗಲಿಲ್ಲ, ಹೆಚ್ಚೂ ಆಗಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ದೊಡ್ಡಳಿಯ ಎರಡು ಮಹಡಿಯನ್ನು ನಿಲ್ಲದೆ ಹತ್ತುವ ಹಾಗಾದ. ಪ್ರೆಸ್ಸಿನ ಕೆಲಸ ಬಿಟ್ಟು, ಕೂತು ವಾಷರುಗಳ ಅಂಚು ನೋಡುವ ಕೆಲಸಕ್ಕೆ ಬದಲಾದ.

ಮುಂದಿನ ವರ್ಷದ ಪಾಠಕ್ಕೆ ಡಾಕ್ಟರಮ್ಮ ಷಡ್ಡಕರಿಬ್ಬರನ್ನೂ ಕರೆದರು. ದೊಡ್ಡಳಿಯ ತಾನು ಮುಚ್ಚಿಟ್ಟ ವರ್ಷಗಳ ಕಥೆಯನ್ನು ತಾನೇ ಹೇಳಿದ. ಹುಡುಗರು ಗಂಭೀರವಾಗಿ ಬರೆದುಕೊಂಡರು. ಆಮೇಲೆ ಚಿಕ್ಕಳಿಯ ಎದ್ದು ನಿಂತು, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡ ಒಬ್ಬ ದಪ್ಪ ಮ್ಯಾನೇಜರನ ಕಥೆಯಿಂದ ಶುರುಮಾಡಿ ಮಾತ್ರೆಯ ಕಥೆಗೆ ಬರುವಷ್ಟರಲ್ಲಿ ಕೋಣೆಯೆಲ್ಲ ನಗುತ್ತಿತ್ತು. ಪಾಠ ಮುಗಿದ ಮೇಲೆ ಅವನ ಸುತ್ತ ಗುಂಪು ಕಟ್ಟಿತು. ದೊಡ್ಡಳಿಯ ಕಿಟಕಿಯ ಬಳಿ ಒಬ್ಬನೇ ನಿಂತು ಹೊರಗಿನ ಸೈಕಲ್ಲುಗಳನ್ನು ನೋಡಿದ.

ಮನೆಗೆ ಬಂದಾಗ ಹೆಂಡತಿ, ಹೇಗಾಯ್ತು ಅಂತ ಕೇಳಿದಳು.

"ಚೆನ್ನಾಗೇ ಆಯ್ತು," ಅಂದ ದೊಡ್ಡಳಿಯ. ಚಪ್ಪಲಿಯನ್ನು ಸ್ವಲ್ಪ ಜೋರಾಗಿ ಬಿಟ್ಟು, "ಅವನಿಗೆ ಮೈಕ್ ಕೊಟ್ರು. ನನಗೆ ಕೊಡ್ಲಿಲ್ಲ," ಅಂದ.